ಟ್ಯಾಕ್ಸಿಯ ಗಾಜಿನಿಂದ ಕಂಡ ಜನ

ಅಮೆರಿಕದ ಜೀವವಿಜ್ಞಾನಿ ಪಾಲ್ ಎರ್ಲಿಕ್ 1968ರಲ್ಲಿ ‘ದಿ ಪಾಪ್ಯುಲೇಷನ್ ಬಾಂಬ್’ ಎಂಬ ಪುಸ್ತಕ ಬರೆದ. ಅದು ಶುರುವಾಗುವುದೇ ದೆಹಲಿಯ ಒಂದು ಸೆಕೆಯ ರಾತ್ರಿಯಲ್ಲಿ. ಟ್ಯಾಕ್ಸಿಯೊಳಗೆ ಕೂತವನಿಗೆ ಬೀದಿಯಲ್ಲೇ ಉಣ್ಣುವ, ಬೀದಿಯಲ್ಲೇ ಮಲಗುವ ಜನರ ದಂಡು ಕಾಣುತ್ತದೆ. ಅವನಿಗೆ ದಿಗಿಲು. ಆ ಜನ ಯಾವ ಊರು ಬಿಟ್ಟು ಬಂದರು? ಅವರಿಗೊಂದು ತುಂಡು ನೆಲ ಇತ್ತೆ? ಕೇಳಬೇಕಾದರೆ ಟ್ಯಾಕ್ಸಿಯಿಂದ ಇಳಿಯಬೇಕಿತ್ತು. 1970ರ ದಶಕದಲ್ಲಿ ಹತ್ತಾರು ಕೋಟಿ ಜನ ಹಸಿದು ಸಾಯುತ್ತಾರೆ ಅಂತ ಭವಿಷ್ಯ ಬೇರೆ ನುಡಿದ. ಅದು ಸುಳ್ಳಾಯಿತು.

ಭವಿಷ್ಯ ಸುಳ್ಳಾದರೂ ಆ ನೋಟ ಸಾಯಲಿಲ್ಲ. ನಮ್ಮನ್ನಾಳುವವರ ಕಣ್ಣೂ ಅದೇ. ತುರ್ತುಪರಿಸ್ಥಿತಿಯ ಕಾಲ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಕೈಗೆ ಸಿಕ್ಕವರು ಬಡವರು, ಕೇರಿಯವರು. ಉತ್ತರದ ರಾಜ್ಯಗಳಲ್ಲಿ ಮೇಷ್ಟರುಗಳಿಗೂ ಇಷ್ಟು ಜನರನ್ನು ತರಬೇಕೆಂದು ಗುರಿ ಕೊಟ್ಟರು, ತರದಿದ್ದರೆ ಸಂಬಳ ತಡೆದರು. ಅಕ್ಷರ ಕಲಿಸುವ ಕೈಗೆ ಆಳು ಹಿಡಿಯುವ ಕೆಲಸ!

ಮಕ್ಕಳು ಕಮ್ಮಿ ಮಾಡ್ಕೊಳ್ಳಿ, ಓದಿಸಿ, ಕೆಲಸ ತಾನಾಗೇ ಸಿಗುತ್ತೆ ಅಂದರು. ಆಯ್ತು, ಲೆಕ್ಕ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7. ದೇಶದಲ್ಲಿ ಶಾಲೆಯ ಮುಖ ಕಾಣದ ಹೆಂಗಸರಿಗೆ 2.8, ಹನ್ನೆರಡು ವರ್ಷ ಓದಿದವರಿಗೆ 1.8. ಹೆದರಿಸಿ ಹಿಡಿದ ಕತ್ತರಿಗಿಂತ ಹೆಣ್ಣುಮಗಳ ಕೈಯ ಸ್ಲೇಟು ದೊಡ್ಡದು.

ನಾವು ಹೇಳಿದಂತೆ ನಡೆದೆವು. ಕೆಲಸ ಎಲ್ಲಿ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಸೇರಿ ತಂದ 2024ರ ಭಾರತ ಉದ್ಯೋಗ ವರದಿಯಂತೆ, 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ. 3.4; ಪದವೀಧರರಲ್ಲಿ ಶೇ. 29.1. ಹಾಗಾದರೆ ಓದಿದ್ದೇ ತಪ್ಪಾಯಿತೆ?

ಅಲ್ಲ. ಅಕ್ಷರ ಇಲ್ಲದವರಿಗೆ ಕೆಲಸವಿಲ್ಲದೆ ಕೂರುವ ಅನುಕೂಲವೂ ಇಲ್ಲ. ಸಿಕ್ಕ ಕೂಲಿಗೆ ಹೋಗಲೇಬೇಕು. ಡಿಗ್ರಿ ಮಾಡಿದ ನಮ್ಮ ಮಕ್ಕಳು ಅಪ್ಪ ಜೀತ ಮಾಡಿದ ಹೊಲಕ್ಕೇ, ಅವ್ವ ಹಿಡಿದ ಪೊರಕೆಗೇ ವಾಪಸು ಹೋಗೋದಿಲ್ಲ ಅಂತಾರೆ. ಇದನ್ನು ಸೋಮಾರಿತನ ಅನ್ನುವವರಿದ್ದಾರೆ. ನಾವು ಇದನ್ನು ಸ್ವಾಭಿಮಾನ ಅನ್ನುತ್ತೇವೆ. ಸರಕಾರ ತುಂಬದೆ ಬಿಟ್ಟ ಒಂದೊಂದು ಹುದ್ದೆಯೂ ಮೀಸಲಾತಿಯ ಮುಚ್ಚಿದ ಒಂದೊಂದು ಬಾಗಿಲು.

ಗೆಳೆಯರೇ, ಇಷ್ಟು ವರ್ಷ ಗಾಜಿನೊಳಗೆ ಕೂತವರು ನಮ್ಮ ತಲೆ ಎಣಿಸಿದ್ದಾಯಿತು. ಇನ್ನು ಎಣಿಸುವ ಸರದಿ ನಮ್ಮದು. ನೆಲ ಯಾರ ಹೆಸರಲ್ಲಿದೆ? ಖಾಲಿ ಕುರ್ಚಿಗಳೆಷ್ಟು? ಊರೂರಲ್ಲೂ ಎಣಿಸೋಣ, ಎಣಿಸಿ ಕೇಳೋಣ.