ಪುರಾಣಗಳ ಬಸವಣ್ಣ: ಕೂಡಿಸಿದ ಕಥೆಯಲ್ಲಿ ಕಳೆದುಹೋದವನು

ಶ್ರಾವಣದಲ್ಲಿ ವಿಜಯಪುರದ ಮಠಗಳಲ್ಲಿ, ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಪುರಾಣ ಹಚ್ಚಿದಾಗ ನಾವು ಕೇಳುವ ಬಸವಣ್ಣ ಯಾವ ಒಬ್ಬ ಕವಿಯ ಬಸವಣ್ಣನೂ ಅಲ್ಲ. ಮುಂಜಿವೆ ಬೇಡವೆಂದ ಬಾಲಕ ಪಾಲ್ಕುರಿಕೆ ಸೋಮನಾಥನಿಂದ ಬಂದವನು. ಮಂಗಳವಾಡದಲ್ಲಿ ಲೆಕ್ಕ ತಿದ್ದಿದವನು ಹರಿಹರನವನು. ಅಲ್ಲಮನ ಮುಂದೆ ಕೈಮುಗಿದು ನಿಂತವನು ಶೂನ್ಯಸಂಪಾದನೆಯವನು. ಪವಾಡಗಳ ಸಾಲಿಗೆ ಸಿಂಗಿರಾಜನ ಋಣವಿದೆ. ಪುರಾಣ ಹೇಳುವವರು ಇವನ್ನೆಲ್ಲ ಕೂಡಿಸಿ ಒಂದೇ ಕಥೆ ಮಾಡುತ್ತಾರೆ. ಕೇಳಲು ಹಿತವಾಗಿರುತ್ತದೆ, ನಿಜ. ಆದರೆ ಈ ಕೂಡಿಕೆಯಲ್ಲಿ ಎಲ್ಲರಿಗಿಂತ ಹೆಚ್ಚು ನಷ್ಟವಾಗಿರುವುದು ಹರಿಹರನ ಬಸವನಿಗೆ. ನನ್ನ ತಕರಾರು ಇರುವುದು ಅಲ್ಲಿ.

ಹಲವು ಕಥೆಗಳನ್ನು ಕೂಡಿಸಿ ಒಂದಾಗಿಸಬೇಕೇ ಎಂಬ ಪ್ರಶ್ನೆ ಕ್ರೈಸ್ತರಿಗೂ ಎದುರಾಗಿತ್ತು. ಮಾರ್ಕನ ಸುವಾರ್ತೆಯಲ್ಲಿ ಏಸುವಿನ ಹುಟ್ಟಿನ ಕಥೆಯೇ ಇಲ್ಲ. ಮತ್ತಾಯ ವಂಶಾವಳಿಯನ್ನು ಅಬ್ರಹಾಮನಿಂದ ಎಣಿಸಿದರೆ ಲೂಕ ಅದನ್ನು ಆದಾಮನವರೆಗೂ ಒಯ್ಯುತ್ತಾನೆ. ಶಿಲುಬೆಯ ಮೇಲೆ ಮಾರ್ಕನ ಏಸು ದೇವರು ತನ್ನ ಕೈಬಿಟ್ಟನೆಂದು ಕೂಗುತ್ತಾನೆ. ಯೋಹಾನನ ಏಸು ಎಲ್ಲವೂ ನೆರವೇರಿತೆಂದು ತಲೆಬಾಗಿಸುತ್ತಾನೆ. ಎರಡನೆಯ ಶತಮಾನದಲ್ಲಿ ತಾತಿಯಾನ ಎಂಬಾತ ನಾಲ್ಕನ್ನೂ ಹೆಣೆದು ಒಂದೇ ಗ್ರಂಥ ಮಾಡಿದ. ಸಿರಿಯಾದ ಸಭೆಗಳು ಬಹುಕಾಲ ಅದನ್ನೇ ಓದಿದವು. ಐದನೆಯ ಶತಮಾನದಲ್ಲಿ ಬಿಷಪ್ ಥಿಯೋಡೊರೆಟ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಅವುಗಳ ಜಾಗದಲ್ಲಿ ನಾಲ್ಕು ಸುವಾರ್ತೆಗಳನ್ನು ಇರಿಸಿದ. ಒಂದಕ್ಕೊಂದು ಹೊಂದದ ನಾಲ್ಕು ಮುಖಗಳು ಹಾಗೆಯೇ ಉಳಿದುಕೊಂಡವು.

ನಮ್ಮಲ್ಲಿ ಹರಿಹರ ಮೊದಲಿಗ. ಬಸವಣ್ಣ ಹೋಗಿ ಬಹಳ ಕಾಲವಾಗಿರಲಿಲ್ಲ, ಆಗಲೇ ‘ಬಸವರಾಜದೇವರ ರಗಳೆ’ ಬರೆದ. ಅವನ ಕಥೆಯೂ ಕೈಲಾಸದಿಂದಲೇ ಹೊರಡುತ್ತದೆ. ಆದರೆ ಹೇಗೆ ನೋಡಿ: ಪ್ರಸಾದದ ಹೂವನ್ನು ಎಲ್ಲರಿಗೂ ಹಂಚಿದೆನೆಂದು ವೃಷಭಮುಖ ಹೇಳುತ್ತಾನೆ, ಷಣ್ಮುಖನಿಗೆ ಅದು ಸಂದಿರುವುದಿಲ್ಲ. ಆ ತಪ್ಪಿಗೆ ಭೂಮಿಯಲ್ಲಿ ಹುಟ್ಟಬೇಕಾಗುತ್ತದೆ. ಬಾಗೇವಾಡಿಯಲ್ಲಿ ತಂದೆತಾಯಿಗಳಿಲ್ಲದೆ ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗ ಜನಿವಾರ ಹರಿದು, ಉಟ್ಟ ಬಟ್ಟೆಯಲ್ಲೇ ಕಪ್ಪಡಿ ಸಂಗಮಕ್ಕೆ ನಡೆಯುತ್ತಾನೆ. ಅಲ್ಲಿ ಹೂ ತಂದು ಪೂಜೆ ಮಾಡಿಕೊಂಡಿದ್ದವನಿಗೆ ಸಂಗಮನಾಥ ಕನಸಿನಲ್ಲಿ ಬಂದು, ಮಂಗಳವಾಡಕ್ಕೆ ಹೋಗು ಎನ್ನುತ್ತಾನೆ. ಬಸವ ಕುಣಿದಾಡುವುದಿಲ್ಲ. ಅಳುತ್ತಾನೆ, ಹೋಗೆನೆಂದು ಹಟ ಹಿಡಿಯುತ್ತಾನೆ, ದೇವರ ಮೇಲೆಯೇ ಸಿಟ್ಟಾಗುತ್ತಾನೆ. ಕೊನೆಗೆ ನಂದಿಯ ಮುಖದಿಂದ ಲಿಂಗ ಕೈಗೆ ಬಂದಾಗಲೇ ಹೊರಡುವುದು. ಮುಂದೆ ಮಂಗಳವಾಡದಲ್ಲಿ ಕರಣಿಕರ ಲೆಕ್ಕದಲ್ಲಿದ್ದ ತಪ್ಪು ಹಿಡಿದು ಕೆಲಸ ಗಿಟ್ಟಿಸುತ್ತಾನೆ. ಅಳುವ ಭಕ್ತನೂ ಲೆಕ್ಕದಲ್ಲಿ ಪಕ್ಕಾ ಇದ್ದ ನೌಕರನೂ ಒಬ್ಬನೇ ಎಂದು ನಂಬಿಸಿದ್ದು ಹರಿಹರನ ದೊಡ್ಡ ಗೆಲುವು.

ಸೋಮನಾಥನ ತೆಲುಗು ‘ಬಸವಪುರಾಣಮು’ ಈ ಮನುಷ್ಯನನ್ನು ಮೆಲ್ಲಗೆ ಮರೆಮಾಡುತ್ತದೆ. ಇಲ್ಲಿ ತಪ್ಪೂ ಇಲ್ಲ, ಶಿಕ್ಷೆಯೂ ಇಲ್ಲ. ಭೂಲೋಕದಲ್ಲಿ ಶಿವಭಕ್ತಿಯನ್ನು ನೆಲೆಗೊಳಿಸಲು ಶಿವನೇ ನಂದಿಯನ್ನು ಕಳಿಸುತ್ತಾನೆ. 1369ರಲ್ಲಿ ಭೀಮಕವಿ ಇದನ್ನು ವಾರ್ಧಕ ಷಟ್ಪದಿಗೆ ತಂದ. ಕನ್ನಡದ ಮನೆಮನೆಗೆ ಹೋದದ್ದು ಈ ಬಸವಣ್ಣ. ಸೋಮನಾಥನ ಶಕ್ತಿ ಬೇರೆ ಕಡೆ ಇದೆ: ಬಸವನ ಸುತ್ತ ನೂರಾರು ಭಕ್ತರ ಕಥೆಗಳನ್ನು ನೆರೆಸಿ, ಒಬ್ಬನ ಚರಿತ್ರೆಯನ್ನು ಒಂದು ಸಮುದಾಯದ ಚರಿತ್ರೆಯಾಗಿಸಿದ. ಸಿಂಗಿರಾಜನ ಹೊತ್ತಿಗೆ ಪವಾಡಗಳನ್ನು ಎಣಿಸುವ ಚಟ ಹತ್ತಿಬಿಟ್ಟಿತ್ತು. ನನಗೆ ಅಲ್ಲಿ ಕಾವ್ಯ ಕಾಣುವುದಿಲ್ಲ.

ಶೂನ್ಯಸಂಪಾದನೆಗಳು ಬೇರೆಯೇ ಜಾತಿಯವು. ಅವೂ ನಾಲ್ಕು. ಅಲ್ಲಮ ಕಲ್ಯಾಣದ ಬಾಗಿಲಿಗೆ ಬಂದು ನಿಂತಾಗ ಬಸವಣ್ಣ ಪೂಜೆಯಲ್ಲಿ ಮುಳುಗಿ ಹೊರಗೆ ಬರುವುದಿಲ್ಲ, ಮಾತು ಕೇಳಬೇಕಾಗುತ್ತದೆ. ಇಡೀ ಪರಂಪರೆಯಲ್ಲಿ ಬಸವಣ್ಣನನ್ನು ಇಷ್ಟು ನಿರ್ಭಿಡೆಯಿಂದ ವಿಚಾರಿಸಿಕೊಂಡವರು ಮತ್ತೊಬ್ಬರಿಲ್ಲ. ಅವನ ಮೇಲೆ ಅಷ್ಟು ಪ್ರೀತಿ ಇದ್ದುದರಿಂದಲೇ ಇದು ಸಾಧ್ಯವಾಯಿತು. ಜೈನ ಧರಣಿಪಂಡಿತನ ‘ಬಿಜ್ಜಳರಾಯ ಚರಿತೆ’ಯಲ್ಲಿ ಅದೇ ಬಸವ ರಾಜದ್ರೋಹಿ. ಅದನ್ನು ಓದದೆ ಬದಿಗಿಡುವುದು ಸರಿಯಲ್ಲ. ಕಲ್ಯಾಣದ ದೊರೆ ಬಿಜ್ಜಳನ ಕೊಲೆಯ ಗಾಯ ಇನ್ನೊಂದು ಮನೆಯಲ್ಲಿ ಹೇಗೆ ಉಳಿದಿತ್ತೆಂಬುದಕ್ಕೆ ಅದು ಸಾಕ್ಷಿ.

ಕವಿಗಳನ್ನು ಬಿಟ್ಟರೆ ಕಲ್ಲಿನ ಮಾತೂ ಒಂದಿದೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಸಂಗನಬಸವನನ್ನೂ ಬಾಗೇವಾಡಿಯನ್ನೂ ಮಾದಿರಾಜನನ್ನೂ ಹೆಸರಿಸುತ್ತದೆ. ಅಲ್ಲಿ ಬರುವ ತರ್ದವಾಡಿ ನಾಡು ನಮ್ಮ ಈ ಸೀಮೆಯೇ. ಶಾಸನಕ್ಕೆ ಪವಾಡ ಬೇಕಿಲ್ಲ, ವಂಶ ಸಾಕು.

ಇವನ್ನೆಲ್ಲ ಬೇರೆಬೇರೆಯಾಗಿ ಓದುವ ಅನುಕೂಲ ನಮಗೆ ಸಿಕ್ಕಿದ್ದು ವಿಜಯಪುರದಿಂದಲೇ. ವಕೀಲಿ ಮಾಡಲು ಇಲ್ಲಿಗೆ ಬಂದ ಫ.ಗು. ಹಳಕಟ್ಟಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಅದಕ್ಕಾಗಿ ಮನೆಯನ್ನೂ ಮಾರಿಕೊಂಡರು. ಹರಿಹರನ ರಗಳೆಗಳನ್ನೂ ಶೂನ್ಯಸಂಪಾದನೆಯನ್ನೂ ಅಚ್ಚು ಹಾಕಿದವರು ಅವರು. ವಚನಗಳು ಕೈಗೆ ಬಂದ ಮೇಲೆ ಪುರಾಣಗಳನ್ನು ಅಳೆಯಲು ಬಸವಣ್ಣನ ಸ್ವಂತ ಮಾತೇ ಒದಗಿತು. ಆ ಅಳತೆಯಲ್ಲಿ ಹತ್ತಿರ ನಿಲ್ಲುವವನು ಹರಿಹರನೇ: ವಚನಗಳಲ್ಲಿ ತನ್ನನ್ನು ತಾನೇ ಹಳಿದುಕೊಳ್ಳುವ ಬಸವಣ್ಣನೂ ಸಂಗಮದಲ್ಲಿ ಅತ್ತ ಹುಡುಗನೂ ಒಂದೇ ಜೀವ.

ಹರಿಹರನ ರಗಳೆ ಪೂರ್ತಿ ಸಿಕ್ಕಿಲ್ಲ. 25 ಸ್ಥಲಗಳಲ್ಲಿ ದೊರೆತಿರುವುದು 13. ಮಾರ್ಕನ ಅತಿ ಹಳೆಯ ಪ್ರತಿಗಳೂ ಸಮಾಧಿಯಿಂದ ಹೆದರಿ ಓಡಿದ ಹೆಂಗಸರೊಂದಿಗೆ ನಿಂತುಬಿಡುತ್ತವೆ. ಮುಂದಿನವರು ಅದಕ್ಕೊಂದು ಮುಕ್ತಾಯ ಸೇರಿಸಿದರು. ಈಗಿನ ಬೈಬಲ್ ಮುದ್ರಣಗಳಲ್ಲಿ ಹಲವು ಆ ಸೇರಿಕೆಯನ್ನು ಗುರುತು ಹಾಕಿ ತೋರಿಸುತ್ತವೆ. ನಮ್ಮ ಪುರಾಣದ ಕಟ್ಟೆಯ ಮೇಲೆ ಕೂತವರೂ ಹರಿಹರನ ಮಾತು ಇಲ್ಲಿಗೆ ನಿಂತಿತು, ಇನ್ನು ಹೇಳುವುದು ಸೋಮನಾಥನದು ಎಂದು ಹೇಳಿ ಮುಂದುವರಿಯಬಹುದು. ಕೂತ ಜನ ಅದನ್ನೂ ಅಷ್ಟೇ ಭಕ್ತಿಯಿಂದ ಕೇಳುತ್ತಾರೆ.