ಅತಿಥಿ ಮೇಷ್ಟ್ರು ಮತ್ತು ಕೆರೆಯ ಮೂರು ಕಾಲ

ಅತಿಥಿ ಎಂಬುದು ಕನ್ನಡದಲ್ಲಿ ಮರ್ಯಾದೆಯ ಪದ. ನಮ್ಮ ಉರ್ದು ಮನೆಗಳಲ್ಲಿ ಮೆಹಮಾನ್ ಎಂದರೂ ಅಷ್ಟೇ ಗೌರವ. ಮೆಹಮಾನ್ ಬಂದರೆ ಹಿತ್ತಲ ಕೋಳಿಗೆ ಆಯುಷ್ಯ ಕಡಿಮೆ. ಆದರೆ ಮೆಹಮಾನಿಗೆ ಮೂರು ದಿನದ ಗಡುವೂ ಉಂಟು, ಆಮೇಲೆ ಕೊಡುವುದೆಲ್ಲ ಸದಕಾ, ಅಂದರೆ ದಾನ ಎಂದು ಹಿರಿಯರು ಹದೀಸಿನ ಆಧಾರದಲ್ಲಿ ಹೇಳುತ್ತಿದ್ದರು. ನಮ್ಮ ವಿಶ್ವವಿದ್ಯಾಲಯಗಳು ಮತ್ತು ಕಾಲೇಜುಗಳು ಈ ಪದವನ್ನು ಎತ್ತಿಕೊಂಡು ಹತ್ತು ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಪಾಠ ಮಾಡುವವರನ್ನೂ ‘ಅತಿಥಿ ಉಪನ್ಯಾಸಕ’ ಎಂದು ಕರೆಯುತ್ತವೆ. ಮನೆಯವನೂ ಅಲ್ಲ, ಬೀದಿಯವನೂ ಅಲ್ಲ. ಸಂಬಳಕ್ಕೆ ಗೌರವಧನ ಎಂದು ಹೆಸರು. ಅದರಲ್ಲಿ ಗೌರವ ಎಷ್ಟು, ಧನ ಎಷ್ಟು ಎಂದು ತೂಗಿ ನೋಡಿದವರಿಗೆ ಎರಡೂ ಕಾಣಿಸುವುದಿಲ್ಲ.

ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಲೆಕ್ಕ ಎಲ್ಲರಿಗೂ ತಿಳಿದದ್ದೇ. 2022ರ ಜನವರಿಯವರೆಗೆ ಅರ್ಹತೆ ಪಡೆದ ಅತಿಥಿಗೆ ತಿಂಗಳಿಗೆ 13 ಸಾವಿರ, ಉಳಿದವರಿಗೆ 11 ಸಾವಿರ. ಮುಷ್ಕರದ ನಂತರ ಅದು 26ರಿಂದ 32 ಸಾವಿರದವರೆಗೆ ಏರಿತು. ಜೊತೆಗೇ ವಾರದ ಪಾಠವನ್ನು 15 ಗಂಟೆಗೆ ಏರಿಸಿದ್ದರಿಂದ ಇಬ್ಬರ ಕೆಲಸ ಒಬ್ಬರಿಗೆ ಬಂತು. ಒಬ್ಬರ ತಟ್ಟೆ ತುಂಬಿ ಇನ್ನೊಬ್ಬರು ಪಂಕ್ತಿಯಿಂದಲೇ ಎದ್ದು ಹೋದರು. 2024ರ ಹೊಸವರ್ಷದ ಹೊತ್ತಿಗೆ ಇವರು ಸಿದ್ಧಗಂಗೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟದ್ದನ್ನೂ ನೋಡಿದ್ದೇವೆ. ಈ ಕತೆಯನ್ನು ಮತ್ತೆ ಹೇಳುವುದು ನಮ್ಮ ಉದ್ದೇಶವಲ್ಲ. ಕನ್ನಡದ, ಇತಿಹಾಸದ ಅತಿಥಿಗಳ ಗೋಳು ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವ ಅತಿಥಿಗಳ ಸುದ್ದಿ ಯಾರೂ ಎತ್ತುವುದಿಲ್ಲ. ಇಲ್ಲಿ ನಷ್ಟವಾಗುವುದು ಮೇಷ್ಟ್ರ ಜೇಬಿಗೆ ಮಾತ್ರವಲ್ಲ, ಊರಿನ ನೆಲಕ್ಕೂ.

ನಾವು ಕತೆ ಬರೆಯುವವರು. ಕಟ್ಟಡದ ವಿದ್ಯೆ ನಮ್ಮದಲ್ಲ. ಆದರೂ ಮೈಸೂರಿನ ಸುತ್ತಲಿನ ಒಂದು ಕಾಲೇಜಿನವರು ‘ಸಾಹಿತ್ಯ ಮತ್ತು ಸ್ಥಳ’ ಎಂಬ ನಾಲ್ಕಾರು ತರಗತಿಗಳಿಗೆ ನಮ್ಮನ್ನು ಕರೆದಿದ್ದರು. ಆಗ ಕಂಡದ್ದು ಇದು. ಆರ್ಕಿಟೆಕ್ಚರ್ ಪದವಿ ಐದು ವರ್ಷದ್ದು. ಅದರ ಜೀವ ಇರುವುದು ಸ್ಟುಡಿಯೋದಲ್ಲಿ. ವಿದ್ಯಾರ್ಥಿ ಚಿತ್ರ ಬರೆಯುತ್ತಾನೆ, ಮೇಷ್ಟ್ರು ಪಕ್ಕದಲ್ಲಿ ಕೂತು ತಿದ್ದುತ್ತಾರೆ, ಅವನು ಹರಿದು ಮತ್ತೆ ಬರೆಯುತ್ತಾನೆ. ಉಸ್ತಾದ್ ಶಾಗಿರ್ದ್ ಸಂಬಂಧದ ಹಾಗೆ ಇದು ಪಕ್ಕದಲ್ಲಿ ಕೂತೇ ಆಗಬೇಕಾದ ಕೆಲಸ. ಅದಕ್ಕೇ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ 1983ರ ನಿಯಮ ಎಂಟು ವಿದ್ಯಾರ್ಥಿಗೆ ಒಬ್ಬ ಶಿಕ್ಷಕ ಎಂದಿತ್ತು. ಅತಿಥಿಗೆ ದುಡ್ಡು ಸಿಗುವುದು ವೇಳಾಪಟ್ಟಿಯಲ್ಲಿರುವ ಗಂಟೆಗೆ. ಗಂಟೆ ಮುಗಿದ ಮೇಲೂ ಹಾಳೆ ಹಿಡಿದು ನಿಂತ ಹುಡುಗಿಗೆ ಕೊಟ್ಟ ಸಮಯ, ಸೈಟು ತೋರಿಸಲು ಭಾನುವಾರ ಕರೆದುಕೊಂಡು ಹೋದದ್ದು, ಮೌಲ್ಯಮಾಪನದ ದಿನದ ಓಡಾಟ, ಇವು ಯಾವುವೂ ಬಿಲ್ಲಿನಲ್ಲಿ ಇರುವುದಿಲ್ಲ.

ರಾಮಕೃಷ್ಣನಗರದಲ್ಲಿ ನಮಗೆ ಪರಿಚಯದ ಇಂಥ ಒಬ್ಬರಿದ್ದಾರೆ. ಮಹಡಿಯ ಬಾಡಿಗೆ ಮನೆ, ಮುಂದಿನ ಕೋಣೆಯೇ ಆಫೀಸು. ಬೆಳಿಗ್ಗೆ 30-40 ಸೈಟಿನ ಮನೆಗೆ ಪ್ಲಾನು, ಮಧ್ಯಾಹ್ನ ಒಂದು ಕಾಲೇಜು, ಮರುದಿನ ಊರಿನ ಇನ್ನೊಂದು ತುದಿಯ ಕಾಲೇಜು. ಪಾಠ ಮಾಡುವುದು ಲ್ಯಾಂಡ್‌ಸ್ಕೇಪ್. ಈ ವಿಷಯಕ್ಕೆ ಕನ್ನಡದಲ್ಲಿ ‘ಭೂದೃಶ್ಯ ವಿನ್ಯಾಸ’ ಎಂದು ಅನುವಾದದ ಪದ ಇದೆ, ಯಾರ ಬಾಯಿಗೂ ಬಾರದ ಪದ. ಬಾಯಿಗೆ ಬರುವ ಹಿತ್ತಲು, ಅಂಗಳ, ಗುಂಡುತೋಪು, ಬಾಗ್, ಹೌಜ್, ಸಹನ್ ಎಂಬ ಮಾತುಗಳು ಪಠ್ಯಕ್ರಮದೊಳಗೆ ಹೋಗಲೇ ಇಲ್ಲ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ಆರಂಭವಾದದ್ದು 1972ರಲ್ಲಿ. ಅರ್ಧ ಶತಮಾನ ಕಳೆದರೂ ಬಹಳಷ್ಟು ಕಾಲೇಜುಗಳಲ್ಲಿ ಇದು ಕಟ್ಟಡ ಮುಗಿದ ಮೇಲೆ ಸುತ್ತ ಹಚ್ಚುವ ಹಸಿರು ಬಣ್ಣ. ಖಾಯಂ ಮೇಷ್ಟ್ರು ಕಟ್ಟಡ ಕಲಿಸುತ್ತಾರೆ. ಗಿಡ, ನೀರು, ಮಣ್ಣು ಅತಿಥಿಯ ಪಾಲಿಗೆ.

ಮೈಸೂರಿನಲ್ಲಿ ಹೀಗಾಗಿರುವುದು ಸೋಜಿಗ. ಹೈದರಲಿ 1760ರಲ್ಲಿ ಲಾಲ್‌ಬಾಗ್ ಹಾಕಿದ ಸೀಮೆ ಇದು. ಕ್ಯೂ ತೋಟದಲ್ಲಿ ಪಳಗಿದ ಜರ್ಮನಿಯ ಕ್ರುಂಬಿಗಲ್ ಬರೋಡದಿಂದ 1908ರಲ್ಲಿ ಈ ಸಂಸ್ಥಾನಕ್ಕೆ ಬಂದು ಇಲ್ಲಿಯೇ ಉಳಿದು, 1956ರಲ್ಲಿ ಬೆಂಗಳೂರಿನಲ್ಲಿಯೇ ಮಣ್ಣಾದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಸೇರಿ ಕನ್ನಂಬಾಡಿಯ ಕೆಳಗೆ ಬೃಂದಾವನ ಎಬ್ಬಿಸಿದರು. ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ರಸ್ತೆಗಳಲ್ಲಿ ಮರ ನೆಡಿಸಿದವರು ಅವರು. ಹನ್ನೆರಡು ತಿಂಗಳನ್ನೂ ಒಂದೇ ಊರಲ್ಲಿ ನಿಂತು ನೋಡಿದವನಿಗಲ್ಲದೆ ಇಂಥ ಯೋಚನೆ ಹೊಳೆಯುವುದಿಲ್ಲ. ಅವರ ಕೈಕೆಳಗೆ ಪಳಗಿದ ಜವರಾಯ ಮುಂದೆ ಅವರ ಜಾಗಕ್ಕೆ ಬಂದರು. 1939ರಲ್ಲಿ ಸಂಸ್ಥಾನಕ್ಕೆ ಬಂದ ಆಟೋ ಕೋನಿಗ್ಸ್‌ಬರ್ಗರ್ ನಮ್ಮ ಬಿಸಿಲು ಮಳೆಯಲ್ಲಿ ಕಟ್ಟಡ ಕಟ್ಟಿ ಕಲಿತು, 1950ರ ದಶಕದಲ್ಲಿ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪವನ್ನು ಪಾಠ ಮಾಡಿದರು. ನಮ್ಮ ನೆಲದಲ್ಲಿ ಕಲಿತದ್ದು ಲಂಡನ್ನಿನಲ್ಲಿ ವಿಭಾಗವಾಯಿತು. ಇಲ್ಲಿ ವಾರಕ್ಕೆ ಎರಡು ಪಿರಿಯಡ್.

ಹಾಗೆಂದು ಅರೆಕಾಲಿಕ ಪಾಠವೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಗಾರೆ ಮೆತ್ತಿದ ಚಪ್ಪಲಿಯಲ್ಲಿ ಸ್ಟುಡಿಯೋಗೆ ಬರುವ ಮೇಷ್ಟ್ರು, ಇಪ್ಪತ್ತು ವರ್ಷ ಪುಸ್ತಕ ಬಿಟ್ಟು ಏಳದ ಖಾಯಂ ಮೇಷ್ಟ್ರಿಗಿಂತ ಎಷ್ಟೋ ಮೇಲು. 1962ರಲ್ಲಿ ಬಿ.ವಿ. ದೋಶಿ ಅಹಮದಾಬಾದಿನಲ್ಲಿ ಶಾಲೆ ತೆರೆದಾಗ, ಕಟ್ಟುವವರೇ ಕಲಿಸಬೇಕು ಎಂಬುದೇ ಅದರ ಬಲವಾಗಿತ್ತು. ಮೊಹಮ್ಮದ್ ಶಹೀರ್ ದೆಹಲಿಯಲ್ಲಿ ದಶಕಗಳ ಕಾಲ ಲ್ಯಾಂಡ್‌ಸ್ಕೇಪ್ ಕಲಿಸುತ್ತಲೇ ಹುಮಾಯೂನ್ ಸಮಾಧಿಯ ಚಾರ್‌ಬಾಗನ್ನು ಮತ್ತೆ ಜೀವಂತಗೊಳಿಸುವ ಕೆಲಸದಲ್ಲಿದ್ದರು. ಅವರು ವಿನ್ಯಾಸ ಮಾಡಿದ ಸುಂದರ್ ನರ್ಸರಿ ಜನಕ್ಕೆ ತೆರೆದದ್ದು 2018ರಲ್ಲಿ, ಅವರು ತೀರಿಕೊಂಡ ಮೇಲೆ. ಆಫೀಸಿದ್ದು ಖುಷಿಗೆ ಪಾಠಕ್ಕೆ ಬರುವವನು ಬೇರೆ, ಬಾಡಿಗೆ ಕಟ್ಟಲು ಮೂರು ಕಾಲೇಜು ಸುತ್ತುವವನು ಬೇರೆ. ನಮ್ಮ ವ್ಯವಸ್ಥೆ ಎರಡನೆಯವನನ್ನು ದುಡಿಸಿಕೊಂಡು, ಮೊದಲನೆಯವನ ಹೆಸರಿನಲ್ಲಿ ಅದನ್ನು ಸಮರ್ಥಿಸಿಕೊಳ್ಳುತ್ತದೆ. ‘ಪ್ರಾಕ್ಟೀಸ್ ಮಾಡುವವರನ್ನು ಕರೆಸುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವವರು ಸೆಮಿಸ್ಟರ್ ಶುರುವಾದ ಎಷ್ಟನೇ ವಾರ ಕರೆಸಿದಿರಿ ಎಂದರೆ ಮಾತು ಬದಲಿಸುತ್ತಾರೆ.

ಇದರ ಫಲ ಎಲ್ಲಿ ಕಾಣುತ್ತದೆ? ವಿದ್ಯಾರ್ಥಿಗಳ ಹಾಳೆಯಲ್ಲಿ. ರಾಮಕೃಷ್ಣನಗರಕ್ಕೆ ಹತ್ತಿರದಲ್ಲಿ ಲಿಂಗಾಂಬುಧಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1828ರಲ್ಲಿ ರಾಣಿಯ ನೆನಪಿಗೆ ಕಟ್ಟಿಸಿದ್ದು. ಅದನ್ನು ವಸ್ತುವಾಗಿಟ್ಟು ಮಾಡಿದ ಒಂದಷ್ಟು ನಕ್ಷೆಗಳನ್ನು ನೋಡುವ ಅವಕಾಶ ನಮಗೆ ಸಿಕ್ಕಿತ್ತು. ಎಲ್ಲದರಲ್ಲೂ ಕೆರೆ ಅಂಚಿನವರೆಗೆ ತುಂಬಿ ನೀಲಿಯಾಗಿತ್ತು. ಸುತ್ತ ಟೈಲ್ಸ್ ಹಾದಿ, ಗಜೀಬೋ, ಕಾರಂಜಿ, ಎಲ್ಲಿಯದೋ ತಾಳೆ ಮರ. ಬೇಸಿಗೆಯ ಬಿರುಕು ಮಣ್ಣಿಲ್ಲ. ಚಳಿಗಾಲದ ಹಕ್ಕಿ ಎಲ್ಲಿ ಇಳಿಯುತ್ತದೆ ಎಂಬ ಗುರುತಿಲ್ಲ. ಆಡು ಮೇಯಿಸುವವರು, ಸೌದೆ ಆಯುವ ಹೆಂಗಸರು ಇಲ್ಲ. ನೀರು ಯಾವ ಬಡಾವಣೆಯ ಮೋರಿಯಿಂದ ಬರುತ್ತದೆ ಎಂಬ ಬಾಣದ ಗುರುತೂ ಇಲ್ಲ. ಹುಡುಗರು ದಡ್ಡರಲ್ಲ, ಕೈ ಚುರುಕಾಗಿದೆ. ಕೆರೆಯನ್ನು ಅವರು ನೋಡಿದ್ದು ಒಮ್ಮೆ, ಬಸ್ಸು ಸಿಕ್ಕ ದಿನ. ಕೆರೆ ಅರ್ಥವಾಗಬೇಕಾದರೆ ಮಳೆ, ಚಳಿ, ಬೇಸಿಗೆ ಮೂರರಲ್ಲೂ ಹೋಗಬೇಕು. ಸೆಮಿಸ್ಟರಿನೊಳಗೆ ಒಂದೂವರೆ ಕಾಲ ಹಿಡಿಸಿದರೆ ಹೆಚ್ಚು. ಎರಡು ಸೆಮಿಸ್ಟರುಗಳನ್ನು ಜೋಡಿಸಿ ಕಲಿಸುವುದಕ್ಕೆ ಅತಿಥಿಯಿಂದ ಆಗುವುದಿಲ್ಲ. ಮುಂದಿನ ಸೆಮಿಸ್ಟರಿಗೆ ತಾನಿರುತ್ತೇನೋ ಇಲ್ಲವೋ ಅವನಿಗೇ ಗೊತ್ತಿಲ್ಲ.

ಈ ಹಾಳೆಗಳು ಹಾಳೆಯಾಗಿ ಉಳಿಯುವುದಿಲ್ಲ. ಇವನ್ನು ಬರೆದವರೇ ನಾಳೆ ಪಾಲಿಕೆ, ಪ್ರಾಧಿಕಾರಗಳಿಗೆ ಉದ್ಯಾನದ ನಕ್ಷೆ ಕೊಡುವವರು. ಬಡಾವಣೆಯ ಪಾರ್ಕುಗಳನ್ನು ನೋಡಿ: ಮಣ್ಣು ಕಾಣದಂತೆ ಸಿಮೆಂಟ್ ಬಿಲ್ಲೆ, ಕಬ್ಬಿಣದ ವ್ಯಾಯಾಮದ ಯಂತ್ರ, ಬೀಗ ಹಾಕಿದ ಗೇಟು. ಖಬರಸ್ತಾನದ ಬೇವು, ಈದ್ಗಾ ಬಯಲು, ಊರ ಮುಂದಿನ ತೋಪು, ಇವೂ ತೆರೆದ ಜಾಗಗಳೇ. ನಾವು ನೋಡಿದ ಯಾವ ಹಾಳೆಯಲ್ಲೂ ಅವಕ್ಕೆ ಬಣ್ಣ ಇರಲಿಲ್ಲ. ಬಿಳಿಯಾಗಿ ಬಿಟ್ಟಿದ್ದರು, ಖಾಲಿ ಜಾಗವೆಂಬಂತೆ.

ಮೈಸೂರು ವಿಶ್ವವಿದ್ಯಾಲಯಕ್ಕೆ ತನ್ನ ಅಂಗಳದಲ್ಲೇ 1864ರ ಕುಕ್ಕರಹಳ್ಳಿ ಕೆರೆ ಇದೆ. ಇಂಥ ಪ್ರಯೋಗಶಾಲೆ ದೇಶದಲ್ಲಿ ಎಷ್ಟು ವಿಶ್ವವಿದ್ಯಾಲಯಗಳಿಗಿದೆ? ಊರಿನ ಆರ್ಕಿಟೆಕ್ಚರ್ ಶಾಲೆಗಳೆಲ್ಲ ಸೇರಿ ಅದರ ಏರಿಯ ಮೇಲೆ ವರ್ಷಪೂರ್ತಿ ಒಂದು ಸ್ಟುಡಿಯೋ ನಡೆಸಬಹುದು. ಅದಕ್ಕೆ ಹೊಸ ಕಟ್ಟಡ ಬೇಡ. ಲ್ಯಾಂಡ್‌ಸ್ಕೇಪ್ ಕಲಿಸುವ ಅರೆಕಾಲಿಕರಿಗೆ ಕನಿಷ್ಠ ಮೂರು ವರ್ಷದ ಆದೇಶವನ್ನು ಮಳೆಗೆ ಮೊದಲೇ ಕೈಗೆ ಕೊಡಬೇಕು, ಸೈಟಿನಲ್ಲಿ ನಿಂತ ಗಂಟೆಯನ್ನೂ ಪಾಠದ ಗಂಟೆಯೆಂದು ಬರೆದುಕೊಳ್ಳಬೇಕು, ಪಠ್ಯಕ್ರಮ ತಿದ್ದುವ ಸಭೆಗೆ ಅವರನ್ನೂ ಕೂರಿಸಿಕೊಳ್ಳಬೇಕು. ಆ ಸಭೆಯಲ್ಲಿ ಅವರಿಗೆ ‘ಅತಿಥಿ’ ಎಂಬ ಫಲಕ ಇಡದಿದ್ದರೆ ಇನ್ನೂ ಒಳ್ಳೆಯದು.