ಕ್ಷಮೆ ಕೇಳದವರನ್ನು ಕ್ಷಮಿಸುವ ಬಗೆ

ಹಾಸನ ಸೀಮೆಯ ಕ್ರೈಸ್ತರು ಎಂದೊಡನೆ ನಮ್ಮ ಬರಹಗಾರರ ಕಣ್ಣಿಗೆ ಬೀಳುವುದು ಶೆಟ್ಟಿಹಳ್ಳಿಯ ಪಾಳು ಚರ್ಚು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು; ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಏರಿದಾಗ ಮುಳುಗುತ್ತದೆ, ಇಳಿದಾಗ ಕಮಾನುಗಳು ಮೇಲೇಳುತ್ತವೆ. ಫೋಟೋಗಳಿಗೂ ಪ್ರವಾಸ ಕಥನಗಳಿಗೂ ಲೆಕ್ಕವಿಲ್ಲ. ಆದರೆ ಅಲ್ಲಿಂದ ಪಶ್ಚಿಮಕ್ಕೆ ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ, ಕಾಫಿ ತೋಟದ ಲೈನ್ ಮನೆಗಳಲ್ಲಿ ಇವತ್ತೂ ಬದುಕಿರುವ ಕ್ರೈಸ್ತರ ಕಡೆ ಕನ್ನಡ ಕಥನ ತಿರುಗಿ ನೋಡಿದ್ದು ಕಡಿಮೆ. ಪಾಳು ಗೋಡೆ ಯಾರ ಮೇಲೂ ದೂರು ಹೇಳುವುದಿಲ್ಲ ಎಂಬುದೂ ಅದರ ಆಕರ್ಷಣೆಗೆ ಒಂದು ಕಾರಣವಿರಬಹುದು.

ಗುಡ್ಡದ ಮೇಲಿನ ಸಣ್ಣ ಧರ್ಮಕೇಂದ್ರವೊಂದನ್ನು ಕಲ್ಪಿಸಿಕೊಳ್ಳಿ. ಮಗುವಿಗೆ ಸ್ನಾನದೀಕ್ಷೆ ಕೊಡುವವರು ಫಾದರ್. ಮಗಳ ಮದುವೆಗೆ ಕಾಗದ ಬರೆಯುವವರು, ಶಾಲೆಯ ಸೀಟಿಗೆ ಶಿಫಾರಸು ಮಾಡುವವರು, ಸತ್ತವರನ್ನು ಮಣ್ಣು ಮಾಡಲು ಜಾಗ ತೋರಿಸುವವರೂ ಅವರೇ. ಅಂಥವರಿಂದ ನೋವಾದರೆ ಹೇಳಿಕೊಳ್ಳುವುದು ಯಾರ ಬಳಿ? ಪಾಪನಿವೇದನೆಯ ಪೀಠದಲ್ಲಿ ಕೂತಿರುವವರೂ ಅವರೇ. ಇಲ್ಲಿನ ಮೌನಕ್ಕೆ ಭಕ್ತಿಯಷ್ಟೇ ಈ ಲೆಕ್ಕಾಚಾರವೂ ಕಾರಣ.

ಕನ್ನಡದ ಅತಿ ಪರಿಚಿತ ಪಾದ್ರಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಜೀವರತ್ನಯ್ಯ. ಬೈಸಿಕಲ್ಲಿನೊಂದಿಗೆ ಮಲೆನಾಡಿಗೆ ಬರುವ ಆತನನ್ನು ಕಾದಂಬರಿ ಹೊರಗಿನಿಂದ, ಮತಾಂತರದ ಪ್ರಶ್ನೆಯಾಗಿ ನೋಡುತ್ತದೆ. ಆತನ ಕುರಿಮಂದೆಯೊಳಗಿನ ಮನಸ್ಸು ಅದರ ಕಾಳಜಿಯಲ್ಲ. ಆ ಬಾಗಿಲನ್ನು ಒಳಗಿನಿಂದ ತೆರೆದವರು ನಾ. ಡಿಸೋಜ. 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಶೀರ್ಷಿಕೆಯಲ್ಲೇ ಭೂಪಟವಿದೆ: ನಡುವೆ ಇಗರ್ಜಿ, ಸುತ್ತ ಮನೆಗಳು. ಆದರೂ ಡಿಸೋಜರದು ಸೌಮ್ಯ ಸ್ವಭಾವ. ಸಿಟ್ಟು ಬರಬೇಕಾದಲ್ಲಿ ಅವರಿಗೆ ಮರುಕ ಬರುತ್ತದೆ. ಅದು ಅವರ ಶಕ್ತಿ, ಮಿತಿಯೂ ಹೌದು.

ಸಿಟ್ಟು ಬೇಕಾದರೆ ಹಾಸನಕ್ಕೇ ಬರಬೇಕು, ಧರ್ಮ ಮಾತ್ರ ಬೇರೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಲ್ಲಿ ಗಂಡ ಬಿಟ್ಟ ಹೆಣ್ಣು ಕಾಯಿಲೆಯ ಮಗುವನ್ನು ಕಟ್ಟಿಕೊಂಡು ನ್ಯಾಯಕ್ಕಾಗಿ ಮಸೀದಿಯ ಬಳಿ ಕೂರುತ್ತಾಳೆ. ಮುತವಲ್ಲಿ ಮುಂದೂಡುತ್ತಾನೆ, ಮಗು ಸಾಯುತ್ತದೆ. ಆಮೇಲೆ ಬೀದಿಯ ಹೆಂಗಸರು ಅವನಿಗೆ ಶಾಪ ಹಾಕುತ್ತಾರೆ, ಅವನ ಹೆಂಡತಿಯೇ ಅವನ ಮಾತು ಮೀರುತ್ತಾಳೆ. ಗಿರೀಶ್ ಕಾಸರವಳ್ಳಿ ಇದನ್ನು 'ಹಸೀನಾ' (2004) ಚಿತ್ರ ಮಾಡಿದರು. ಕಥೆಯಲ್ಲಿ ಯಾರೂ ಮುತವಲ್ಲಿಯನ್ನು ಕ್ಷಮಿಸುವುದಿಲ್ಲ. ಆದರೂ ಓದಿ ಮುಗಿಸಿದಾಗ ಎದೆ ಹಗುರಾಗುತ್ತದೆ. ಏಕೆ? ಆ ಶಾಪದಲ್ಲಿ ಮೊದಲ ಬಾರಿಗೆ ತಪ್ಪು ತಪ್ಪಿತಸ್ಥನ ಹೆಸರಿಗೆ ಸೇರುತ್ತದೆ. ಅಲ್ಲಿಯತನಕ ಅದು ಆ ತಾಯಿಯ ಹಣೆಬರಹವಾಗಿತ್ತು.

ಕ್ರೈಸ್ತ ಬರಹಕ್ಕೆ ಈ ದಾರಿ ಕಷ್ಟ. ಕ್ಷಮಿಸು ಎಂಬುದು ಅಲ್ಲಿ ದಿನದ ಪ್ರಾರ್ಥನೆಯೊಳಗೇ ಇದೆ. ಏಟು ತಿಂದವರಿಗೆ ಮೊದಲು ಬರುವ ಉಪದೇಶವೂ ಅದೇ: ಕ್ಷಮಿಸಿಬಿಡಮ್ಮ, ದೇವರು ನೋಡಿಕೊಳ್ಳುತ್ತಾನೆ. ಆದರೆ ಕಥೋಲಿಕ ಸಭೆಯ ಸ್ವಂತ ನಿಯಮ ಇಷ್ಟು ಅಗ್ಗದ್ದಲ್ಲ. ಪಾಪನಿವೇದನೆಗೆ ಬಂದವನು ಪಶ್ಚಾತ್ತಾಪ ಪಡಬೇಕು, ಪಾಪವನ್ನು ಬಾಯಿಬಿಟ್ಟು ಹೇಳಬೇಕು, ವಿಧಿಸಿದ ಪ್ರಾಯಶ್ಚಿತ್ತ ಮಾಡಬೇಕು. ಕದ್ದದ್ದನ್ನು ಹಿಂದಿರುಗಿಸಬೇಕು. ಲೈನ್ ಮನೆಯ ಕೂಲಿಯವಳಿಗೆ ಅನ್ವಯಿಸುವ ಈ ನಿಯಮ ಪಾಪಿ ಗುರುಗಳೇ ಆದಾಗ ಮರೆತುಹೋಗುತ್ತದೆ. ಗುಟ್ಟಾಗಿ ವರ್ಗ ಮಾಡಿ ಮುಗಿಸುವ ಪದ್ಧತಿಯನ್ನು ಬೋಸ್ಟನ್ನಿನ ಪತ್ರಿಕೆಯೊಂದು 2002ರಲ್ಲಿ ಬಯಲು ಮಾಡಿತು. ಸಭೆಯೊಳಗಿನ ಗುರುಗಳು, ಸನ್ಯಾಸಿನಿಯರು ಇಂಥ ದೌರ್ಜನ್ಯವನ್ನು ಮೇಲಿನವರಿಗೆ ವರದಿ ಮಾಡಲೇಬೇಕೆಂದು ಪೋಪ್ ಫ್ರಾನ್ಸಿಸ್ ಕಟ್ಟಳೆ ಮಾಡಿದ್ದು 2019ರಲ್ಲಿ. ಅದೇ ವರ್ಷ ಮೈಸೂರು ಧರ್ಮಕ್ಷೇತ್ರದ 37 ಗುರುಗಳು ತಮ್ಮ ಬಿಷಪರ ಮೇಲೆ ಪೋಪರಿಗೆ ದೂರು ಬರೆದರು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆಗುವವರೆಗೆ ಹಾಸನವೂ ಇದೇ ಮೈಸೂರಿಗೆ ಸೇರಿತ್ತು. ಬಿಷಪರು ಆರೋಪಗಳನ್ನು ಅಲ್ಲಗಳೆದರು. 2023ರ ಜನವರಿಯಲ್ಲಿ ವ್ಯಾಟಿಕನ್ ಅವರಿಗೆ ರಜೆಯ ಮೇಲೆ ಹೋಗಲು ಹೇಳಿತು. ಗುರುಗಳಿಗಾದರೂ ರೋಮಿನ ವಿಳಾಸ ಗೊತ್ತು.

ಬಾಯಿಬಿಟ್ಟು ಬರೆದವರನ್ನು ಓದಲು ಘಟ್ಟ ದಾಟಿ ಕೇರಳಕ್ಕೆ ಹೋಗಬೇಕು. ತ್ರಿಶ್ಶೂರಿನ ಕಾಲೇಜೊಂದರ ಪ್ರಾಂಶುಪಾಲೆಯಾಗಿದ್ದ ಸಿಸ್ಟರ್ ಜೆಸ್ಮಿ 2008ರಲ್ಲಿ ಮಠ ಬಿಟ್ಟರು, ಮರುವರ್ಷ 'ಆಮೆನ್' ಬಂತು. ಪುಸ್ತಕದಲ್ಲಿ ಅವರು ಮಾತಾಡುವುದು ಯೇಸುವಿನೊಂದಿಗೆ, ಮೇಲಧಿಕಾರಿಗಳೊಂದಿಗಲ್ಲ. ಪಾಪನಿವೇದನೆಯ ಪೀಠದಿಂದ ಮಧ್ಯವರ್ತಿಯನ್ನು ಎಬ್ಬಿಸಿ ತಾವೇ ನೇರ ಕೂತಂತೆ. ಬರಹವಾಗಿ ಅದು ಒರಟು, ಅವಸರದ್ದು. ಒಂದು ಗಾಯದ ಬಳಿ ನಿಲ್ಲುವಷ್ಟರಲ್ಲಿ ಇನ್ನೊಂದಕ್ಕೆ ಓಡುತ್ತದೆ. ನಯವಾದ ಗದ್ಯ ಬೇಕೆನ್ನುವವರು ಇಷ್ಟಪಡಲಾರರು. ಆದರೆ ಮೂವತ್ತು ವರ್ಷ ಅದುಮಿಟ್ಟದ್ದು ಹೊರಬರುವಾಗ ಸಾಲಾಗಿ ಬರಬೇಕೆಂದು ಕೇಳುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ.

ಸಿಸ್ಟರ್ ಲೂಸಿ ಕಳಪ್ಪುರ ಇನ್ನೂ ಕುತೂಹಲಕರ. 2018ರ ಸೆಪ್ಟೆಂಬರಿನಲ್ಲಿ ಬಿಷಪರೊಬ್ಬರ ಮೇಲೆ ಅತ್ಯಾಚಾರದ ದೂರು ಕೊಟ್ಟ ಸನ್ಯಾಸಿನಿಯ ಪರ ಕೊಚ್ಚಿಯಲ್ಲಿ ಧರಣಿ ಕೂತವರಿಗೆ ಅವರು ಜೊತೆಯಾದರು. ಆ ಬಿಷಪರನ್ನು 2022ರ ಜನವರಿಯಲ್ಲಿ ಕೊಟ್ಟಾಯಂ ನ್ಯಾಯಾಲಯ ಖುಲಾಸೆ ಮಾಡಿತು. ಲೂಸಿಯವರನ್ನು ಅವರ ಸಭೆ 2019ರಲ್ಲೇ ಹೊರಹಾಕಿತ್ತು. ಅದೇ ವರ್ಷ ಅವರ ಆತ್ಮಕಥೆ ಬಂತು. ಜೆಸ್ಮಿ ಬಿಟ್ಟು ನಡೆದರು. ಲೂಸಿ ಬಿಡಲಿಲ್ಲ. ನಮ್ಮ ಗಡಿಯಾಚೆಯ ವಯನಾಡಿನ ಕಾನ್ವೆಂಟಿನಲ್ಲಿ ತಮಗೆ ಇರಲು ಹಕ್ಕಿದೆಯೆಂದು ಕೋರ್ಟಿನ ಮೆಟ್ಟಿಲು ಹತ್ತಿದರು. ಕ್ಷಮಿಸಿದ್ದೀರಾ ಎಂದು ಕೇಳುವವರಿಗೆ ಅವರು ಕೊಟ್ಟ ಉತ್ತರ ಬಹುಶಃ ಅದೇ: ತಮ್ಮ ಕೋಣೆ ತಮಗೆ ಬೇಕು.